ರಣರಂಗದಿಂದ ಬಂದ ಸಮೀಕರಣ: ಕಾರ್ಲ್ ಶ್ವಾರ್ಜ್‌ಶೀಲ್ಡ್

ನಮ್ಮ ಕಾಲೇಜಿನ ಪ್ರಥಮ ಪಿಯುಸಿ ವಿದ್ಯಾರ್ಥಿಗಳ ವಯಸ್ಸು ಹದಿನಾರು, ಹದಿನೇಳು. ಇದೇ ವಯಸ್ಸಿನಲ್ಲಿ ಜರ್ಮನಿಯ ಒಬ್ಬ ಹುಡುಗ ಜೋಡಿ ನಕ್ಷತ್ರಗಳ ಕಕ್ಷೆಯ ಬಗ್ಗೆ ಎರಡು ಪ್ರಬಂಧಗಳನ್ನು ಬರೆದಿದ್ದ. 1890ರಲ್ಲಿ ಅವು ಆ ದೇಶದ ಹೆಸರಾಂತ ಖಗೋಳ ಪತ್ರಿಕೆಯಲ್ಲಿ ಅಚ್ಚಾದಾಗ ಅವನಿಗೆ ಇನ್ನೂ ಹದಿನೇಳು ತುಂಬಿರಲಿಲ್ಲ. ಮುಂದೆ ನಲವತ್ತೆರಡನೇ ವಯಸ್ಸಿನಲ್ಲಿ, ಯುದ್ಧಭೂಮಿಯಲ್ಲಿ ಇದ್ದುಕೊಂಡೇ ಐನ್‌ಸ್ಟೈನ್ ಅವರ ಹೊಸ ಸಮೀಕರಣಗಳಿಗೆ ಮೊದಲ ನಿಖರ ಉತ್ತರ ಕಂಡುಹಿಡಿದ. ಅದಾಗಿ ಐದು ತಿಂಗಳೂ ತುಂಬುವ ಮೊದಲೇ ತೀರಿಕೊಂಡ. ಅವನ ಉತ್ತರ ಮಾತ್ರ ಇಂದಿಗೂ ಕೆಲಸ ಮಾಡುತ್ತಿದೆ. ಬುಗುರಿಯಂತೆ ಗಿರಗಿರನೆ ಸುತ್ತುವ ನ್ಯೂಟ್ರಾನ್ ನಕ್ಷತ್ರಗಳ ಮೈಮೇಲಿನ ಬಿಸಿ ಮಚ್ಚೆಗಳ ಬೆಳಕನ್ನು ಲೆಕ್ಕ ಹಾಕಲು ಇಂದಿನ ವಿಜ್ಞಾನಿಗಳು ಅವನ ಸೂತ್ರವನ್ನೇ ಬಳಸುತ್ತಾರೆ. ಆ ಹುಡುಗನೇ ಕಾರ್ಲ್ ಶ್ವಾರ್ಜ್‌ಶೀಲ್ಡ್.

ಬಾಲ್ಯ

ಕಾರ್ಲ್ ಹುಟ್ಟಿದ್ದು 1873ರ ಅಕ್ಟೋಬರ್ 9ರಂದು, ಮೈನ್ ನದಿಯ ದಂಡೆಯ ಫ್ರಾಂಕ್‌ಫರ್ಟ್ ಪಟ್ಟಣದಲ್ಲಿ. ಮನೆಯವರು ಯಹೂದಿಗಳು, ವ್ಯಾಪಾರಸ್ಥರು, ಅನುಕೂಲವಂತರು. ಮಕ್ಕಳಲ್ಲಿ ಕಾರ್ಲ್ ಹಿರಿಯ. ಮನೆಯಲ್ಲಿ ಸಂಗೀತ, ಚಿತ್ರಕಲೆಗಳ ವಾತಾವರಣವಿತ್ತು. ತಮ್ಮಂದಿರಲ್ಲಿ ಒಬ್ಬರು ಮುಂದೆ ಚಿತ್ರಕಾರರಾದರು. ವಿಜ್ಞಾನದ ಹಾದಿ ಹಿಡಿದವರು ಕಾರ್ಲ್ ಮಾತ್ರ.

ಹನ್ನೊಂದು ವರ್ಷದವರೆಗೆ ಯಹೂದಿ ಸಮುದಾಯದ ಪ್ರಾಥಮಿಕ ಶಾಲೆಯಲ್ಲಿ ಓದಿದ ಅವರು ಆಮೇಲೆ ಪಟ್ಟಣದ ಪ್ರೌಢಶಾಲೆಗೆ ಸೇರಿದರು. ಆಕಾಶ ನೋಡುವ ಹುಚ್ಚು ಅಷ್ಟರಲ್ಲಾಗಲೇ ಹತ್ತಿತ್ತು. ಕೈಖರ್ಚಿಗೆ ಸಿಕ್ಕ ಕಾಸು ಕೂಡಿಟ್ಟು ಮಸೂರಗಳನ್ನು ಕೊಂಡು ತಾವೇ ಒಂದು ದೂರದರ್ಶಕ ಕಟ್ಟಿಕೊಂಡರು. ಸ್ವಂತ ಪುಟ್ಟ ವೀಕ್ಷಣಾಲಯ ಇಟ್ಟುಕೊಂಡಿದ್ದ ಗಣಿತದ ಮೇಷ್ಟ್ರೊಬ್ಬರು ಆ ಊರಿನಲ್ಲಿದ್ದರು. ಅವರ ಮಗ ಪಾಲ್ ಎಪ್‌ಸ್ಟೈನ್ ಕಾರ್ಲ್‌ಗೆ ಗೆಳೆಯ. ಹೀಗೆ ಆಕಾಶವನ್ನು ನೋಡುವುದಷ್ಟೇ ಅಲ್ಲ, ಅದರ ಹಿಂದಿನ ಗಣಿತವನ್ನು ಕಲಿಯುವುದಕ್ಕೂ ದಾರಿಯಾಯಿತು. ಮೇಲೆ ಹೇಳಿದ ಆ ಎರಡು ಪ್ರಬಂಧಗಳು ಈ ಕಲಿಕೆಯ ಫಲ.

ಮೂರು ಪಾಠಗಳು

1891ರಲ್ಲಿ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯ, ಎರಡು ವರ್ಷಗಳ ನಂತರ ಮ್ಯೂನಿಕ್. ಅಲ್ಲಿ ಹ್ಯೂಗೋ ಫಾನ್ ಸೀಲಿಗರ್ ಎಂಬ ಖಗೋಳ ವಿಜ್ಞಾನಿಯ ಮಾರ್ಗದರ್ಶನದಲ್ಲಿ 1896ರಲ್ಲಿ ಡಾಕ್ಟರೇಟ್ ಪಡೆದರು. ಪ್ರಬಂಧದ ವಿಷಯ, ಸುತ್ತುವ ದ್ರವರಾಶಿ ಯಾವ ಆಕಾರಕ್ಕೆ ಬಂದು ನೆಲೆ ನಿಲ್ಲುತ್ತದೆ ಎಂಬುದು. ಫ್ರಾನ್ಸಿನ ಗಣಿತಜ್ಞ ಪ್ವಾಂಕಾರೆ ಕಟ್ಟಿದ್ದ ಸಿದ್ಧಾಂತದ ಮುಂದುವರಿಕೆ ಅದು. ಸುತ್ತುವ ಗೋಳ ನಡುವಿನಲ್ಲಿ ಉಬ್ಬಿ, ಧ್ರುವಗಳಲ್ಲಿ ಚಪ್ಪಟೆಯಾಗುತ್ತದೆ. ನಮ್ಮ ಭೂಮಿಯೂ ಸ್ವಲ್ಪ ಹಾಗೆಯೇ ಇದೆ. ಇದು ಮೊದಲನೆಯ ಪಾಠ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ವಿಯೆನ್ನಾದ ಕುಫ್ನರ್ ವೀಕ್ಷಣಾಲಯದಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಮದ್ಯ ತಯಾರಿಕೆಯ ಉದ್ಯಮಿಯೊಬ್ಬರು ಖಗೋಳದ ಮೇಲಿನ ಆಸಕ್ತಿಯಿಂದ ಕಟ್ಟಿಸಿದ್ದ ವೀಕ್ಷಣಾಲಯ ಅದು. ಅಲ್ಲಿಯವರೆಗೆ ನಕ್ಷತ್ರದ ಹೊಳಪನ್ನು ಹೆಚ್ಚಾಗಿ ಕಣ್ಣಂದಾಜಿನಿಂದಲೇ ಅಳೆಯುತ್ತಿದ್ದರು. ಒಬ್ಬರ ಕಣ್ಣಿನಂತೆ ಇನ್ನೊಬ್ಬರ ಕಣ್ಣು ಇರುವುದಿಲ್ಲ. ಛಾಯಾಚಿತ್ರದ ಗಾಜಿನ ಫಲಕದ ಮೇಲೆ ಬಿದ್ದ ಕಪ್ಪು ಗುರುತಿನಿಂದ ಹೊಳಪನ್ನು ಅಳೆಯಬಹುದೇ ಎಂದು ಶ್ವಾರ್ಜ್‌ಶೀಲ್ಡ್ ಯೋಚಿಸಿದರು. ಅದಕ್ಕಾಗಿ ನಕ್ಷತ್ರದ ಬಿಂಬವನ್ನು ಬೇಕೆಂದೇ ಸ್ವಲ್ಪ ಮಸುಕು ಮಾಡಿದರು. ಚುಕ್ಕೆ ಹರಡಿ ಪುಟ್ಟ ಬಿಲ್ಲೆಯಾಗುತ್ತದೆ, ಅದರ ಕಪ್ಪನ್ನು ಹೋಲಿಸುವುದು ಸುಲಭ. ಆದರೆ ಒಂದು ತೊಡಕಿತ್ತು. ಬೆಳಕು ಅರ್ಧವಾದರೆ ಎರಡು ಪಟ್ಟು ಹೊತ್ತು ತೆರೆದಿಟ್ಟರೆ ಸಾಕು ಎಂದು ಎಲ್ಲರೂ ಅಂದುಕೊಂಡಿದ್ದರು. ಮಂದ ಬೆಳಕಿನಲ್ಲಿ ಅಷ್ಟು ಸಾಲದು, ಇನ್ನೂ ಹೆಚ್ಚು ಹೊತ್ತು ಬೇಕು ಎಂದು ಅವರು ತೋರಿಸಿ ಅದಕ್ಕೊಂದು ಸೂತ್ರ ಕೊಟ್ಟರು. ಛಾಯಾಗ್ರಹಣದ ಪುಸ್ತಕಗಳಲ್ಲಿ ಆ ಸೂತ್ರಕ್ಕೆ ಅವರದೇ ಹೆಸರು.

ಹೀಗೆ ಅಳೆಯುತ್ತಿದ್ದಾಗ ಗರುಡ ನಕ್ಷತ್ರಪುಂಜದ ಈಟಾ ಎಂಬ ನಕ್ಷತ್ರದಲ್ಲಿ ಒಂದು ವಿಶೇಷ ಕಂಡಿತು. ಅದರ ಹೊಳಪು ಏಳು ದಿನಕ್ಕೊಮ್ಮೆ ಏರಿ ಇಳಿಯುವುದು ಮೊದಲೇ ಗೊತ್ತಿತ್ತು. ಕಣ್ಣಿಗೆ ಕಾಣುವ ಏರಿಳಿತಕ್ಕಿಂತ ಫಲಕದ ಮೇಲಿನ ಏರಿಳಿತ ದೊಡ್ಡದಾಗಿತ್ತು. ಅಂದಿನ ಫಲಕಗಳಿಗೆ ನೀಲಿ ಬೆಳಕು ಹೆಚ್ಚು ತಟ್ಟುತ್ತಿತ್ತು. ಹಾಗಾದರೆ ನೀಲಿ ಬೆಳಕು ಹೆಚ್ಚು ಏರಿಳಿಯುತ್ತಿದೆ ಎಂದಾಯಿತು. ಬಿಸಿ ಹೆಚ್ಚಿದಷ್ಟೂ ವಸ್ತುವಿನ ಬೆಳಕು ನೀಲಿಯ ಕಡೆಗೆ ಸರಿಯುತ್ತದೆ. ಆದ್ದರಿಂದ ಆ ನಕ್ಷತ್ರದ ತಾಪವೇ ಏರಿಳಿಯುತ್ತಿದೆ ಎಂದು ಅವರು ತರ್ಕಿಸಿದರು. ಯಾವ ದೂರದರ್ಶಕದಲ್ಲೂ ಬರೀ ಚುಕ್ಕೆಯಾಗಿ ಕಾಣುವ ನಕ್ಷತ್ರದ ಮೈಯ ಸುದ್ದಿಯನ್ನು ಅದರ ಬೆಳಕಿನ ಏರಿಳಿತದಿಂದ ಓದಬಹುದು. ಇದು ಎರಡನೆಯ ಪಾಠ.

1901ರಲ್ಲಿ, 28ರ ಹರೆಯದ ಹೊತ್ತಿಗೆ, ಗಾಟಿಂಗೆನ್ ವಿಶ್ವವಿದ್ಯಾಲಯದ ವೀಕ್ಷಣಾಲಯದ ಮುಖ್ಯಸ್ಥರಾದರು. ಮಹಾನ್ ಗಣಿತಜ್ಞ ಗೌಸ್ ಒಂದು ಕಾಲದಲ್ಲಿ ಕೂತಿದ್ದ ಜಾಗ ಅದು. ಅಂದಿನ ಜರ್ಮನಿಯಲ್ಲಿ ಯಹೂದಿಗಳಿಗೆ ಪ್ರಾಧ್ಯಾಪಕ ಹುದ್ದೆ ಸುಲಭವಾಗಿ ಸಿಗುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ಗಾಟಿಂಗೆನ್‌ನಲ್ಲಿ ಹಿಲ್ಬರ್ಟ್, ಕ್ಲೈನ್, ಮಿಂಕೋವ್‌ಸ್ಕಿಯಂಥ ಗಣಿತಜ್ಞರು ಅವರ ಒಡನಾಡಿಗಳು. ಅಲ್ಲಿ ಅವರು ಸಾವಿರಾರು ನಕ್ಷತ್ರಗಳ ಹೊಳಪಿನ ಪಟ್ಟಿ ತಯಾರಿಸಿದರು, ದೂರದರ್ಶಕಗಳ ಕನ್ನಡಿಗಳಲ್ಲಿ ಬರುವ ದೋಷಗಳ ಲೆಕ್ಕ ಮಾಡಿದರು. 1905ರ ಆಗಸ್ಟ್ 30ರ ಪೂರ್ಣ ಸೂರ್ಯಗ್ರಹಣ ನೋಡಲು ಅಲ್ಜೀರಿಯಾಕ್ಕೆ ಹೋಗಿ ಬಂದರು.

1906ರಲ್ಲಿ ಸೂರ್ಯನ ಬಗ್ಗೆ ಒಂದು ಮುಖ್ಯ ಪ್ರಬಂಧ ಬಂತು. ಸೂರ್ಯನ ಬಿಂಬ ನಡುವಿನಲ್ಲಿ ಹೆಚ್ಚು ಬೆಳಗುತ್ತದೆ, ಅಂಚಿನಲ್ಲಿ ಸ್ವಲ್ಪ ಮಂಕು. ಯಾಕೆ ಹೀಗೆ? ನಡುವನ್ನು ನೋಡುವಾಗ ನಮ್ಮ ನೋಟ ನೇರವಾಗಿ ಒಳಗಿನ ಬಿಸಿ ಪದರದವರೆಗೆ ಇಳಿಯುತ್ತದೆ. ಅಂಚನ್ನು ನೋಡುವಾಗ ಓರೆಯಾಗಿ ಹಾಯುವುದರಿಂದ ಮೇಲಿನ ತಂಪು ಪದರದಲ್ಲೇ ನಿಂತುಬಿಡುತ್ತದೆ. ಸೂರ್ಯನ ಹೊರಪದರದಲ್ಲಿ ಶಾಖವನ್ನು ಮೇಲಕ್ಕೆ ಸಾಗಿಸುವುದು ಮುಖ್ಯವಾಗಿ ಬೆಳಕೇ ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ ಅಂಚಿನ ಮಂಕು ಎಷ್ಟಿರಬೇಕೋ ಅಷ್ಟೇ ಬರುತ್ತದೆ ಎಂದು ಅವರು ತೋರಿಸಿದರು. ಒಂದು ಮೇಲ್ಮೈ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಬೆಳಕು ಚೆಲ್ಲುವುದಿಲ್ಲ, ಯಾವ ಕೋನದಿಂದ ನೋಡುತ್ತೇವೆ ಎಂಬುದರ ಮೇಲೆ ಹೊಳಪು ಬದಲಾಗುತ್ತದೆ. ಇದು ಮೂರನೆಯ ಪಾಠ.

ಗುಣ ಗುರುತಿಸುವ ಕಣ್ಣು

1909ರಲ್ಲಿ ಗಾಟಿಂಗೆನ್‌ನ ಶಸ್ತ್ರಚಿಕಿತ್ಸಾ ಪ್ರಾಧ್ಯಾಪಕರೊಬ್ಬರ ಮಗಳು ಎಲ್ಸೆ ರೋಸೆನ್‌ಬಾಕ್ ಅವರೊಂದಿಗೆ ಮದುವೆಯಾಯಿತು. ಅದೇ ವರ್ಷ ಬರ್ಲಿನ್ ಪಕ್ಕದ ಪಾಟ್ಸ್‌ಡಾಮ್‌ನ ಖಗೋಳಭೌತ ವೀಕ್ಷಣಾಲಯದ ನಿರ್ದೇಶಕರಾದರು. ಜರ್ಮನಿಯ ಖಗೋಳ ವಿಜ್ಞಾನಿಗೆ ಅದು ದೊಡ್ಡ ಹುದ್ದೆ. ಡೆನ್ಮಾರ್ಕಿನ ಐನಾರ್ ಹರ್ಟ್ಸ್‌ಪ್ರಂಗ್ ಎಂಬವರನ್ನು ಅವರು ಗಾಟಿಂಗೆನ್‌ಗೆ ಕರೆಸಿಕೊಂಡು, ಪಾಟ್ಸ್‌ಡಾಮ್‌ಗೂ ಜೊತೆಯಲ್ಲಿ ಕರೆದೊಯ್ದರು. ಹರ್ಟ್ಸ್‌ಪ್ರಂಗ್ ಓದಿದ್ದು ರಸಾಯನ ಎಂಜಿನಿಯರಿಂಗ್, ಖಗೋಳದಲ್ಲಿ ಪದವಿ ಇರಲಿಲ್ಲ. ಪದವಿಯನ್ನು ನೋಡದೆ ಕೆಲಸವನ್ನು ನೋಡಿದರು ಶ್ವಾರ್ಜ್‌ಶೀಲ್ಡ್. ನಕ್ಷತ್ರಗಳ ಬಣ್ಣ ಮತ್ತು ಹೊಳಪನ್ನು ಹೋಲಿಸುವ, ಇಂದು ಪ್ರತಿ ಖಗೋಳ ಪುಸ್ತಕದಲ್ಲೂ ಇರುವ ನಕ್ಷೆಗೆ ಈಗ ಆ ಹರ್ಟ್ಸ್‌ಪ್ರಂಗ್ ಹೆಸರಿದೆ.

ಪಾಟ್ಸ್‌ಡಾಮ್‌ನಲ್ಲಿ ಎಲ್ಸೆ-ಕಾರ್ಲ್ ದಂಪತಿಗೆ ಮೂವರು ಮಕ್ಕಳಾದರು: ಅಗಾಥೆ, ಮಾರ್ಟಿನ್, ಆಲ್ಫ್ರೆಡ್. ಕೆಲಸವೂ ಸಾಗುತ್ತಿತ್ತು. ಭಾರವಾದ ಕಾಯದಿಂದ ಹೊರಡುವ ಬೆಳಕು ಸ್ವಲ್ಪ ಕೆಂಪಿನ ಕಡೆಗೆ ಸರಿಯಬೇಕು ಎಂದು ಐನ್‌ಸ್ಟೈನ್ ಹೇಳಿದ್ದರು. ಸೂರ್ಯನ ಬೆಳಕಿನಲ್ಲಿ ಅದು ಕಾಣುತ್ತದೆಯೇ ಎಂದು ಶ್ವಾರ್ಜ್‌ಶೀಲ್ಡ್ 1914ರಲ್ಲಿ ಅಳೆದು ನೋಡಿದರು. ಸ್ಪಷ್ಟ ಉತ್ತರ ಸಿಗಲಿಲ್ಲ. ಈ ಬಗೆಯ ಪ್ರಶ್ನೆ ಅವರಿಗೆ ಹೊಸದೂ ಅಲ್ಲ. 1900ರಲ್ಲೇ, ಅಂದರೆ ಐನ್‌ಸ್ಟೈನ್ ಹೆಸರು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ, ನಾವಿರುವ ಆಕಾಶವೇ ಬಾಗಿದ್ದರೆ ಎಷ್ಟು ಬಾಗಿರಬಹುದು ಎಂದು ನಕ್ಷತ್ರಗಳ ಅಳತೆಯಿಂದ ಲೆಕ್ಕ ಹಾಕಿದ್ದರು. ಒಂದು ಬಗೆಯ ಬಾಗುವಿಕೆಗೆ ಅದರ ತ್ರಿಜ್ಯ ಕಡಿಮೆಯೆಂದರೂ 64 ಜ್ಯೋತಿರ್ವರ್ಷ ಇರಲೇಬೇಕು ಎಂಬುದು ಅಂದಿನ ಉತ್ತರ.

ಯುದ್ಧ

1914ರ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಶ್ವಾರ್ಜ್‌ಶೀಲ್ಡ್ ಅವರಿಗೆ ನಲವತ್ತು ದಾಟಿತ್ತು. ಮನೆಯಲ್ಲಿ ಸಣ್ಣ ಮಕ್ಕಳು, ಕೈಯಲ್ಲಿ ದೊಡ್ಡ ಹುದ್ದೆ. ಹೋಗಲೇಬೇಕೆಂಬ ಒತ್ತಾಯ ಇರಲಿಲ್ಲ. ಆದರೂ ತಾವಾಗಿಯೇ ಸೈನ್ಯಕ್ಕೆ ಸೇರಿದರು. ಯಹೂದಿಗಳು ದೇಶಕ್ಕೆ ನಿಷ್ಠರೇ ಎಂದು ಅನುಮಾನದಿಂದ ನೋಡುವವರು ಅಂದಿನ ಜರ್ಮನಿಯಲ್ಲಿ ಬಹಳ ಇದ್ದರು. ಶ್ವಾರ್ಜ್‌ಶೀಲ್ಡ್ ಅವರಂತೆಯೇ ಸಾವಿರಾರು ಯಹೂದಿಗಳು ಆ ಯುದ್ಧಕ್ಕೆ ಹೋದರು.

ಬೆಲ್ಜಿಯಂನಲ್ಲಿ ಹವಾಮಾನ ಕೇಂದ್ರವೊಂದನ್ನು ನೋಡಿಕೊಂಡರು. ಫ್ರಾನ್ಸ್‌ನಲ್ಲಿ ಫಿರಂಗಿ ಗುಂಡು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕುವ ಕೆಲಸ. ಆಮೇಲೆ ರಷ್ಯಾದ ಕಡೆಯ ರಣರಂಗ. ಗಾಳಿಯ ವೇಗ, ಗಾಳಿಯ ಸಾಂದ್ರತೆಗಳಿಂದ ಗುಂಡಿನ ದಾರಿ ಹೇಗೆ ಬದಲಾಗುತ್ತದೆ ಎಂದು ಬರೆದ ಪ್ರಬಂಧ ಸೇನೆಯ ಗುಟ್ಟಾಗಿದ್ದರಿಂದ ಯುದ್ಧ ಮುಗಿದ ಮೇಲೆ, 1920ರಲ್ಲಿ ಅಚ್ಚಾಯಿತು. ನಕ್ಷತ್ರಗಳ ಬೆಳಕನ್ನು ಅಳೆದ ಕೈಯೇ ಜನರನ್ನು ಕೊಲ್ಲುವ ಗುಂಡಿನ ದಾರಿಯನ್ನೂ ಲೆಕ್ಕ ಹಾಕಿತು. ಅವರ ಜೀವನದ ಈ ಭಾಗವನ್ನು ಮುಚ್ಚಿಟ್ಟು ಕತೆ ಹೇಳುವುದು ಸರಿಯಲ್ಲ. ಜ್ಞಾನ ಯಾವ ಕಡೆಗೆ ಹೋಗುತ್ತದೆ ಎಂಬುದು ಅದನ್ನು ಹಿಡಿದವರ ಕೈಯಲ್ಲಿ ಮಾತ್ರ ಇರುವುದಿಲ್ಲ, ಕಾಲದ ಕೈಯಲ್ಲೂ ಇರುತ್ತದೆ.

1915ರ ನವೆಂಬರ್‌ನಲ್ಲಿ ಐನ್‌ಸ್ಟೈನ್ ಬರ್ಲಿನ್‌ನ ವಿಜ್ಞಾನ ಅಕಾಡೆಮಿಯಲ್ಲಿ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಸಮೀಕರಣಗಳನ್ನು ಮಂಡಿಸಿದರು. ದ್ರವ್ಯರಾಶಿ ಇದ್ದಲ್ಲಿ ದೇಶ ಮತ್ತು ಕಾಲ ಎರಡೂ ಬಾಗುತ್ತವೆ, ಆ ಬಾಗುವಿಕೆಯೇ ಗುರುತ್ವ ಎಂಬುದು ಅದರ ಸಾರ. ಬುಧಗ್ರಹದ ಕಕ್ಷೆ ಶತಮಾನಕ್ಕೆ 43 ಸೆಕೆಂಡು ಕೋನದಷ್ಟು ಯಾಕೆ ಹೆಚ್ಚು ತಿರುಗುತ್ತದೆ ಎಂಬ ಹಳೆಯ ಒಗಟನ್ನು ಅದು ಬಿಡಿಸಿತು. ಆದರೆ ಅದಕ್ಕೆ ಐನ್‌ಸ್ಟೈನ್ ಬಳಸಿದ್ದು ಅಂದಾಜು ಲೆಕ್ಕ. ಹತ್ತು ಸಮೀಕರಣಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಅವುಗಳಿಗೆ ಪೂರ್ತಿ ನಿಖರವಾದ ಉತ್ತರ ಇಷ್ಟು ಬೇಗ ಸಿಗಬಹುದೆಂದು ಅವರಿಗೇ ಅನಿಸಿರಲಿಲ್ಲ.

ಒಂದು ತಿಂಗಳು ಕಳೆದಿತ್ತಷ್ಟೆ. 1915ರ ಡಿಸೆಂಬರ್ 22ರಂದು ರಣರಂಗದಿಂದ ಶ್ವಾರ್ಜ್‌ಶೀಲ್ಡ್ ಐನ್‌ಸ್ಟೈನ್‌ಗೆ ಕಾಗದ ಬರೆದರು. ಅದರಲ್ಲಿ ಉತ್ತರವಿತ್ತು. ಅವರು ಮಾಡಿದ್ದು ಒಂದು ಜಾಣ ಆಯ್ಕೆ. ಸುತ್ತದೆ ನಿಂತಿರುವ, ಸರಿಯಾಗಿ ಗುಂಡಗಿರುವ ಒಂದೇ ಒಂದು ಕಾಯ, ಸುತ್ತಲೂ ಖಾಲಿ ಆಕಾಶ. ಎಲ್ಲ ದಿಕ್ಕುಗಳೂ ಒಂದೇ ಆದ್ದರಿಂದ ಸಮೀಕರಣಗಳಲ್ಲಿನ ಎಷ್ಟೋ ಪದಗಳು ಬಿದ್ದುಹೋಗುತ್ತವೆ. ಉಳಿದದ್ದನ್ನು ಬಿಡಿಸಬಹುದು. 1916ರ ಜನವರಿ 13ರಂದು ಐನ್‌ಸ್ಟೈನ್ ತಾವೇ ನಿಂತು ಅದನ್ನು ಅಕಾಡೆಮಿಯ ಮುಂದೆ ಇಟ್ಟರು. ಫೆಬ್ರವರಿಯಲ್ಲಿ ಎರಡನೆಯ ಪ್ರಬಂಧ ಬಂತು. ಮೊದಲನೆಯದು ಕಾಯದ ಹೊರಗಿನ ಲೆಕ್ಕವಾದರೆ ಇದು ಒಳಗಿನ ಲೆಕ್ಕ.

ಈ ಉತ್ತರದಲ್ಲಿ ಒಂದು ಉದ್ದದ ಅಳತೆ ತಾನಾಗಿ ಬರುತ್ತದೆ. ಅದನ್ನು ಇಂದು ಶ್ವಾರ್ಜ್‌ಶೀಲ್ಡ್ ತ್ರಿಜ್ಯ ಎನ್ನುತ್ತಾರೆ. ಸೂರ್ಯನಿಗೆ ಅದು ಸುಮಾರು 3 ಕಿಲೋಮೀಟರ್, ಭೂಮಿಗೆ ಸುಮಾರು 9 ಮಿಲಿಮೀಟರ್. ಒಂದು ಕಾಯ ಅಷ್ಟಕ್ಕೆ ಕುಗ್ಗಿದರೆ ಬೆಳಕೂ ಅದರಿಂದ ಹೊರಬರಲಾರದು. ಕಪ್ಪು ಕುಳಿ ಎಂಬ ಕಲ್ಪನೆ ಬೆಳೆದದ್ದು ಮುಂದಿನ ದಶಕಗಳಲ್ಲಿ. ಶ್ವಾರ್ಜ್‌ಶೀಲ್ಡ್ ಕಾಲದಲ್ಲಿ ಆ ಹೆಸರೂ ಇರಲಿಲ್ಲ.

ಅಷ್ಟರಲ್ಲಿ ಅವರ ಮೈಮೇಲೆ ಪೆಂಫಿಗಸ್ ಎಂಬ ಕಾಯಿಲೆ ಎದ್ದಿತ್ತು. ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ನಮ್ಮ ಚರ್ಮದ ಮೇಲೆ ತಿರುಗಿಬೀಳುವ ರೋಗ ಅದು. ಮೈಯೆಲ್ಲ ಬೊಬ್ಬೆಗಳೆದ್ದು ಒಡೆಯುತ್ತವೆ, ಬಾಯೊಳಗೂ ಹುಣ್ಣಾಗುತ್ತದೆ. ಅಂದು ಅದಕ್ಕೆ ಮದ್ದಿರಲಿಲ್ಲ. ಮಾರ್ಚ್‌ನಲ್ಲಿ ಸೇನೆ ಅವರನ್ನು ಮನೆಗೆ ಕಳಿಸಿತು. ಹಾಸಿಗೆ ಹಿಡಿದ ಆ ದಿನಗಳಲ್ಲೂ ಪರಮಾಣುವಿನ ಮೇಲೆ ವಿದ್ಯುತ್ ಕ್ಷೇತ್ರದ ಪರಿಣಾಮದ ಬಗ್ಗೆ, ಅಂದರೆ ಕ್ವಾಂಟಂ ಸಿದ್ಧಾಂತದ ಬಗ್ಗೆ, ಮೂರನೆಯ ಪ್ರಬಂಧವೊಂದನ್ನು ಮುಗಿಸಿದರು. 1916ರ ಮೇ 11ರಂದು ಪಾಟ್ಸ್‌ಡಾಮ್‌ನಲ್ಲಿ ತೀರಿಕೊಂಡರು. ಆಗ ಅಗಾಥೆಗೆ ಆರರ ಆಸುಪಾಸು, ಮಾರ್ಟಿನ್‌ಗೆ ನಾಲ್ಕು ತುಂಬಿರಲಿಲ್ಲ, ಆಲ್ಫ್ರೆಡ್ ಇನ್ನೂ ಕೂಸು. ಸಮಾಧಿ ಗಾಟಿಂಗೆನ್‌ನಲ್ಲಿದೆ. ಅಕಾಡೆಮಿಯಲ್ಲಿ ಶ್ರದ್ಧಾಂಜಲಿಯ ಮಾತಾಡಿದವರು ಐನ್‌ಸ್ಟೈನ್. ಸೂರ್ಯನ ಬಳಿ ಹಾದುಬರುವ ನಕ್ಷತ್ರದ ಬೆಳಕು ನಿಜಕ್ಕೂ ಬಾಗುತ್ತದೆ ಎಂಬುದು 1919ರ ಗ್ರಹಣದಲ್ಲಿ ರುಜುವಾತಾಯಿತು. ಅದನ್ನು ನೋಡಲು ಅವರು ಇರಲಿಲ್ಲ.

ಬುಗುರಿಯ ಮೇಲಿನ ಬಿಸಿ ಮಚ್ಚೆ

ಅವರು ತೀರಿಕೊಂಡು ಹದಿನಾರು ವರ್ಷಕ್ಕೆ, 1932ರಲ್ಲಿ, ಚಾಡ್ವಿಕ್ ನ್ಯೂಟ್ರಾನ್ ಕಣವನ್ನು ಕಂಡುಹಿಡಿದರು. ದೊಡ್ಡ ನಕ್ಷತ್ರ ಸಿಡಿದಾಗ ಅದರ ನಡುಭಾಗ ಕುಸಿದು ಬರೀ ನ್ಯೂಟ್ರಾನ್‌ಗಳ ಮುದ್ದೆಯಾಗಬಹುದು ಎಂದು 1934ರಲ್ಲಿ ಬಾಡೆ ಮತ್ತು ಜ್ವಿಕಿ ಊಹಿಸಿದರು. 1967ರಲ್ಲಿ ಕೇಂಬ್ರಿಜ್‌ನ ಸಂಶೋಧನಾ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ಅವರಿಗೆ ಆಕಾಶದಿಂದ ಸುಮಾರು 1.34 ಸೆಕೆಂಡಿಗೊಮ್ಮೆ ತಪ್ಪದೆ ಬರುವ ರೇಡಿಯೋ ಮಿಡಿತ ಸಿಕ್ಕಿತು. ಅದು ಸುತ್ತುತ್ತಿರುವ ನ್ಯೂಟ್ರಾನ್ ನಕ್ಷತ್ರ. ಆಂಬುಲೆನ್ಸ್ ಮೇಲಿನ ತಿರುಗುವ ದೀಪದಂತೆ, ಬೆಳಕಿನ ಕೋಲು ನಮ್ಮ ಕಡೆ ತಿರುಗಿದಾಗಲೆಲ್ಲ ಒಂದು ಮಿಡಿತ.

ಇಂಥ ನಕ್ಷತ್ರದಲ್ಲಿ ಸೂರ್ಯನಿಗಿಂತ ಹೆಚ್ಚು ದ್ರವ್ಯ ಒಂದು ದೊಡ್ಡ ಪಟ್ಟಣದಷ್ಟು ಜಾಗದಲ್ಲಿ ಅಡಕವಾಗಿರುತ್ತದೆ. ಅದು ನಿಖರವಾಗಿ ಎಷ್ಟು ದಪ್ಪ ಎಂದು ತಿಳಿದರೆ, ಪರಮಾಣುವಿನ ಬೀಜಕ್ಕಿಂತಲೂ ಹೆಚ್ಚು ಒತ್ತಿದಾಗ ದ್ರವ್ಯ ಹೇಗೆ ವರ್ತಿಸುತ್ತದೆ ಎಂದು ಗೊತ್ತಾಗುತ್ತದೆ. ಭೂಮಿಯ ಯಾವ ಪ್ರಯೋಗಾಲಯದಲ್ಲೂ ಅದನ್ನು ಮಾಡಿ ನೋಡಲಾಗದು. ಆದರೆ ಸಾವಿರ ಜ್ಯೋತಿರ್ವರ್ಷ ದೂರದ, ಇಪ್ಪತ್ತೈದು ಕಿಲೋಮೀಟರ್ ಅಗಲದ ಗೋಳಕ್ಕೆ ಅಳತೆಪಟ್ಟಿ ಹಿಡಿಯುವುದು ಹೇಗೆ?

ಇಲ್ಲಿ ಬಿಸಿ ಮಚ್ಚೆಗಳು ನೆರವಿಗೆ ಬರುತ್ತವೆ. ನಕ್ಷತ್ರದ ಕಾಂತಧ್ರುವಗಳ ಬಳಿ ವಿದ್ಯುದಾವೇಶದ ಕಣಗಳು ಮೇಲಿನಿಂದ ಬಂದು ಅಪ್ಪಳಿಸುತ್ತವೆ. ಆ ಜಾಗ ಕಾದು ಹತ್ತು ಲಕ್ಷ ಡಿಗ್ರಿಯ ಮಟ್ಟಕ್ಕೆ ಏರುತ್ತದೆ, ಕ್ಷ-ಕಿರಣ ಸೂಸುತ್ತದೆ. ಬುಗುರಿಯ ಮೈಮೇಲೆ ಸುಣ್ಣದ ಚುಕ್ಕೆ ಇಟ್ಟು ಆಡಿಸಿದ ಹಾಗೆ. ಚುಕ್ಕೆ ನಮ್ಮ ಕಡೆ ಬಂದಾಗ ಹೊಳಪು ಏರುತ್ತದೆ, ಹಿಂದಕ್ಕೆ ಹೋದಾಗ ಇಳಿಯುತ್ತದೆ. ಈ ಏರಿಳಿತದ ಗೆರೆಯನ್ನು ಓದಬೇಕು. ಈಟಾ ನಕ್ಷತ್ರದ ಪಾಠ ನೆನಪಿದೆಯೇ?

ಈಗ ಶ್ವಾರ್ಜ್‌ಶೀಲ್ಡ್ ಸೂತ್ರ ಹಾಕೋಣ. ಒಂದು ಚೆಂಡನ್ನು ದೂರದಿಂದ ನೋಡಿದರೆ ಅದರ ಮೈಯ ಅರ್ಧ ಮಾತ್ರ ಕಾಣುತ್ತದೆ. ನ್ಯೂಟ್ರಾನ್ ನಕ್ಷತ್ರ ಹಾಗಲ್ಲ. ಸೂರ್ಯನ 1.4 ಪಟ್ಟು ದ್ರವ್ಯರಾಶಿ, 12 ಕಿಲೋಮೀಟರ್ ತ್ರಿಜ್ಯ ಎಂದಿಟ್ಟುಕೊಳ್ಳಿ. ಅದರ ಶ್ವಾರ್ಜ್‌ಶೀಲ್ಡ್ ತ್ರಿಜ್ಯ ಸುಮಾರು 4.1 ಕಿಲೋಮೀಟರ್. ಹಿಂಬದಿಯಿಂದ ಹೊರಟ ಬೆಳಕೂ ಬಾಗಿ ನಮ್ಮ ಕಡೆಗೆ ಬರುತ್ತದೆ. ಲೆಕ್ಕ ಹಾಕಿದರೆ ಅದರ ಮೈಯ ಸುಮಾರು ಮುಕ್ಕಾಲು ಭಾಗ ನಮಗೆ ಒಂದೇ ಸಲ ಕಾಣುತ್ತದೆ. ಆದ್ದರಿಂದ ಮಚ್ಚೆ ಹಿಂದಕ್ಕೆ ಹೋದರೂ ಪೂರ್ತಿ ಮರೆಯಾಗುವುದಿಲ್ಲ, ಮಿಡಿತದ ತಗ್ಗುಗಳು ಆಳ ಕಳೆದುಕೊಳ್ಳುತ್ತವೆ. ನಕ್ಷತ್ರ ಎಷ್ಟು ಒತ್ತೊತ್ತಾಗಿದೆಯೋ ಅಷ್ಟೂ ಮಿಡಿತ ಮಟ್ಟಸವಾಗುತ್ತದೆ. ಅಲ್ಲಿನ ಗಡಿಯಾರವೂ ನಿಧಾನ. ನಮ್ಮಲ್ಲಿ 100 ಸೆಕೆಂಡು ಕಳೆದಾಗ ಆ ಮೈಮೇಲೆ ಸುಮಾರು 81 ಸೆಕೆಂಡು ಮಾತ್ರ ಕಳೆದಿರುತ್ತದೆ. 1983ರಲ್ಲಿ ಪೆಚೆನಿಕ್, ಫ್ಟಾಕ್ಲಾಸ್, ಕೋಹೆನ್ ಎಂಬ ಮೂವರು ನಿಧಾನವಾಗಿ ಸುತ್ತುವ ನಕ್ಷತ್ರದ ಬಿಸಿ ಮಚ್ಚೆಗಳಿಗೆ ಈ ಲೆಕ್ಕ ಮಾಡಿ ತೋರಿಸಿದರು.

ಬೆಳಕು ಬಾಗುವುದರಿಂದ ತಿಳಿಯುವುದು ದ್ರವ್ಯರಾಶಿ ಮತ್ತು ತ್ರಿಜ್ಯದ ಅನುಪಾತ ಮಾತ್ರ. ಎರಡನ್ನೂ ಬೇರೆಬೇರೆ ತಿಳಿಯಲು ಇನ್ನೊಂದು ಸುಳಿವು ಬೇಕು. ಅದು ಡಾಪ್ಲರ್ ಪರಿಣಾಮ. ಹತ್ತಿರ ಬರುವ ಆಂಬುಲೆನ್ಸ್‌ನ ಸದ್ದು ಕೀಚಲಾಗಿ, ದೂರ ಹೋಗುವಾಗ ಬೋರಲಾಗುವುದನ್ನು ನೀವು ಕೇಳಿದ್ದೀರಿ. ಮಚ್ಚೆ ನಮ್ಮತ್ತ ಬರುವಾಗ ಅದರ ಬೆಳಕು ಹೆಚ್ಚು, ದೂರ ಸರಿಯುವಾಗ ಕಡಿಮೆ. ಹೀಗಾಗಿ ಮಿಡಿತದ ಗೆರೆ ಒಂದು ಕಡೆ ವಾಲುತ್ತದೆ. ಎಷ್ಟು ವಾಲುತ್ತದೆ ಎಂಬುದು ಮಚ್ಚೆಯ ವೇಗದ ಮೇಲೆ ನಿಂತಿದೆ. ಸುತ್ತುವ ದರ ಮೊದಲೇ ಗೊತ್ತು, ಆದ್ದರಿಂದ ವೇಗ ಸಿಕ್ಕರೆ ತ್ರಿಜ್ಯ ಸಿಕ್ಕಂತೆ. ಕೋನವೇಗ, ರೇಖೀಯ ವೇಗಗಳ ಸಂಬಂಧ ನೀವು ಪ್ರಥಮ ಪಿಯುಸಿಯಲ್ಲಿ ಓದಿದ್ದೇ.

ಉಳಿದ ಎರಡು ಪಾಠಗಳೂ ಇಲ್ಲಿ ಬೇಕು. ನಕ್ಷತ್ರದ ಮೈಮೇಲೆ ಅತಿ ತೆಳುವಾದ ಅನಿಲದ ಪದರವಿದೆ. ಅದು ಯಾವ ಕೋನಕ್ಕೆ ಎಷ್ಟು ಬೆಳಕು ಬಿಡುತ್ತದೆ ಎಂಬ ಲೆಕ್ಕ ತಪ್ಪಿದರೆ ತ್ರಿಜ್ಯವೂ ತಪ್ಪುತ್ತದೆ. 1906ರಲ್ಲಿ ಸೂರ್ಯನ ಅಂಚಿನ ಬಗ್ಗೆ ಕೇಳಿದ ಪ್ರಶ್ನೆಯ ಮುಂದುವರಿಕೆ ಇದು. ಶ್ವಾರ್ಜ್‌ಶೀಲ್ಡ್ ಉತ್ತರ ಸುತ್ತದ ಗೋಳಕ್ಕೆ ಬರೆದದ್ದು, ಸುತ್ತುವ ನಕ್ಷತ್ರ ನಡುವಿನಲ್ಲಿ ಉಬ್ಬುತ್ತದೆ. ಸೆಕೆಂಡಿಗೆ ಕೆಲವು ನೂರು ಸುತ್ತಿನವರೆಗೆ ಅವರ ಸೂತ್ರವನ್ನೇ ಇಟ್ಟುಕೊಂಡು, ಡಾಪ್ಲರ್ ಪರಿಣಾಮವನ್ನೂ ಉಬ್ಬಿದ ಆಕಾರವನ್ನೂ ಸೇರಿಸಿದರೆ ಸಾಕಾಗುತ್ತದೆ ಎಂದು ಮುಂದಿನವರು ತೋರಿಸಿದರು. ಸುತ್ತುವ ಕಾಯದ ಆಕಾರ ಅವರ ಡಾಕ್ಟರೇಟ್ ವಿಷಯವೇ ಆಗಿತ್ತಲ್ಲ!

2017ರ ಜೂನ್‌ನಲ್ಲಿ ನಾಸಾ ನೈಸರ್ ಎಂಬ ಕ್ಷ-ಕಿರಣ ದೂರದರ್ಶಕವನ್ನು ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿತು. ಮೀನ ರಾಶಿಯಲ್ಲಿ ಸುಮಾರು 1,100 ಜ್ಯೋತಿರ್ವರ್ಷ ದೂರದಲ್ಲಿ, ಸೆಕೆಂಡಿಗೆ 205 ಸಲ ಸುತ್ತುವ ಒಂದು ನಕ್ಷತ್ರವನ್ನು ಅದು ಗಮನಿಸಿತು. ಅದರ ನಡುಪಟ್ಟಿಯ ವೇಗ ಸೆಕೆಂಡಿಗೆ 16,000 ಕಿಲೋಮೀಟರ್‌ಗೂ ಹೆಚ್ಚು. ಎರಡು ತಂಡಗಳು ಬೇರೆಬೇರೆಯಾಗಿ ಕೂತವು. ದ್ರವ್ಯರಾಶಿ ಇಷ್ಟು, ತ್ರಿಜ್ಯ ಇಷ್ಟು, ಮಚ್ಚೆಗಳು ಇಲ್ಲಿ ಎಂದು ಊಹಿಸಿ, ಆಗ ಮಿಡಿತ ಹೇಗಿರಬೇಕೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ನಿಜವಾದ ಮಿಡಿತಕ್ಕೆ ಹೋಲಿಸಿ, ಮತ್ತೆ ಊಹಿಸಿ, ಲಕ್ಷಾಂತರ ಸಲ ತಿದ್ದಿದವು. 2019ರ ಡಿಸೆಂಬರ್‌ನಲ್ಲಿ ಉತ್ತರ ಬಂತು. ಒಂದು ತಂಡಕ್ಕೆ ತ್ರಿಜ್ಯ 12.7 ಕಿಲೋಮೀಟರ್, ಇನ್ನೊಂದಕ್ಕೆ 13.0. ದ್ರವ್ಯರಾಶಿ ಸೂರ್ಯನ 1.3ರಿಂದ 1.4 ಪಟ್ಟು. ಎರಡೂ ಉತ್ತರಗಳು ಲೆಕ್ಕದ ಅನಿಶ್ಚಿತತೆಯ ಒಳಗೆ ಹೊಂದಿಕೊಂಡವು. ಇನ್ನೊಂದು ಅಚ್ಚರಿಯೂ ಇತ್ತು. ಬಿಸಿ ಮಚ್ಚೆಗಳು ನಮ್ಮ ಪುಸ್ತಕದ ದಂಡಕಾಂತದ ಚಿತ್ರದಂತೆ ಎದುರುಬದುರು ಧ್ರುವಗಳಲ್ಲಿ ಇರಲಿಲ್ಲ. ಎಲ್ಲವೂ ಒಂದೇ ಅರ್ಧಗೋಳದಲ್ಲಿದ್ದವು, ಅವುಗಳಲ್ಲಿ ಒಂದು ಉದ್ದಕ್ಕೆ ಎಳೆದಂತಿತ್ತು. ಆ ನಕ್ಷತ್ರದ ಕಾಂತಕ್ಷೇತ್ರ ಸರಳವಾದುದಲ್ಲ ಎಂದು ಅದು ಹೇಳಿತು.

ನಮ್ಮ ನಾಡಿಗೂ ಈ ಕತೆಯ ನಂಟಿದೆ. ಶ್ವಾರ್ಜ್‌ಶೀಲ್ಡ್ ಉತ್ತರದಿಂದ ಹುಟ್ಟಿದ ಕಪ್ಪು ಕುಳಿ ಅಲುಗಾಡಿಸಿದರೆ ಕುಸಿಯದೆ ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ 1970ರಲ್ಲಿ ಉತ್ತರ ಕೊಟ್ಟವರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಅವರೇ. 2024ರ ಜನವರಿ 1ರಂದು ಇಸ್ರೋ ಹಾರಿಸಿದ ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ ನ್ಯೂಟ್ರಾನ್ ನಕ್ಷತ್ರಗಳ ಕ್ಷ-ಕಿರಣವನ್ನು ನೋಡುವ ಪೋಲಿಕ್ಸ್ ಉಪಕರಣ ಇದೆ. ಅದನ್ನು ರೂಪಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ.

ಉಳಿದ ಕತೆ

ಶ್ವಾರ್ಜ್‌ಶೀಲ್ಡ್ ತೀರಿಕೊಂಡು ಹದಿನೇಳು ವರ್ಷಕ್ಕೆ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ದೇಶಕ್ಕಾಗಿ ಯುದ್ಧಕ್ಕೆ ಹೋಗಿ ಕಾಯಿಲೆ ಬಿದ್ದು ಸತ್ತವರ ಮಕ್ಕಳು ಆ ದೇಶಕ್ಕೆ ಬೇಡವಾದರು. ಅಗಾಥೆ 1933ರಲ್ಲಿ ಇಂಗ್ಲೆಂಡಿಗೆ ಹೋಗಿ, ಆಮೇಲೆ ನ್ಯೂಜಿಲೆಂಡ್‌ನಲ್ಲಿ ಪ್ರಾಚೀನ ಗ್ರೀಕ್ ಸಾಹಿತ್ಯದ ಪ್ರಾಧ್ಯಾಪಕಿಯಾದರು. ಮಾರ್ಟಿನ್ ನಾರ್ವೆಯ ಮೂಲಕ ಅಮೆರಿಕಕ್ಕೆ ಹೋಗಿ, ಪ್ರಿನ್ಸ್‌ಟನ್‌ನಲ್ಲಿ ನಕ್ಷತ್ರಗಳ ಒಡಲಿನ ರಚನೆಯನ್ನು ಬಿಡಿಸಿದ ದೊಡ್ಡ ಖಗೋಳ ವಿಜ್ಞಾನಿಯಾದರು. ಎರಡನೇ ಮಹಾಯುದ್ಧದಲ್ಲಿ ಅವರು ಅಮೆರಿಕದ ಸೈನ್ಯದಲ್ಲಿದ್ದರು. ಅಪ್ಪ ಜರ್ಮನಿಯ ಪರವಾಗಿ ಹೋದ, ಮಗ ಅದರ ವಿರುದ್ಧ ನಿಲ್ಲಬೇಕಾಯಿತು. ಕಿರಿಯ ಆಲ್ಫ್ರೆಡ್ ಅಲ್ಲೇ ಉಳಿದರು, 1944ರಲ್ಲಿ ಕಿರುಕುಳ ತಾಳಲಾರದೆ ಜೀವ ಕಳೆದುಕೊಂಡರು.

ಇಂದು ಜರ್ಮನಿಯ ಟೌಟೆನ್‌ಬರ್ಗ್‌ನ ವೀಕ್ಷಣಾಲಯಕ್ಕೆ ಕಾರ್ಲ್ ಶ್ವಾರ್ಜ್‌ಶೀಲ್ಡ್ ಹೆಸರಿದೆ. ಚಂದ್ರನ ಮೇಲೆ ಒಂದು ಕುಳಿಗೂ, ಒಂದು ಕ್ಷುದ್ರಗ್ರಹಕ್ಕೂ ಅವರ ಹೆಸರಿಟ್ಟಿದ್ದಾರೆ. ಅವರ ನಿಷ್ಠೆಯನ್ನು ದೇಶ ಅಳೆದ ರೀತಿ ತಪ್ಪಾಗಿತ್ತು. ಅವರು ಅಳೆದದ್ದು ಮಾತ್ರ ನೂರು ವರ್ಷ ಕಳೆದರೂ ಸರಿಯಾಗಿಯೇ ಇದೆ.

ಗೆಳೆಯರೇ, ಅವರು ಓದಿದ್ದು ಯಾವುದೂ ವ್ಯರ್ಥವಾಗಲಿಲ್ಲ ಎಂಬುದನ್ನು ಗಮನಿಸಿ. ಸುತ್ತುವ ದ್ರವದ ಆಕಾರ, ಗಾಜಿನ ಫಲಕದ ಕಪ್ಪು ಗುರುತು, ಸೂರ್ಯನ ಅಂಚಿನ ಮಂಕು, ಬಾಗಿದ ಆಕಾಶದ ಲೆಕ್ಕ. ಇವೆಲ್ಲ ಒಂದು ದಿನ ಒಂದೇ ಪ್ರಶ್ನೆಯಲ್ಲಿ ಕೂಡಿಬರುತ್ತವೆ ಎಂದು ಅವರಿಗೆ ಗೊತ್ತಿರಲಿಲ್ಲ. ಪರೀಕ್ಷೆಗೆ ಬರುವುದಿಲ್ಲ ಎಂದು ನಾವು ಬಿಟ್ಟುಬಿಡುವ ಪಾಠಗಳ ಪುಟ ತಿರುಗಿಸುವ ಮುನ್ನ, ಹದಿನಾರರ ಆ ಹುಡುಗನನ್ನು ಒಮ್ಮೆ ನೆನೆಯೋಣ.